ರೆಮ್ಮಿನಾ: ಲಿನಕ್ಸ್‌ನಿಂದ ವಿಂಡೋಸ್‌ಗೆ ಸೊಗಸು, ಮ್ಯಾಕ್‌ಗೆ ಸುಮಾರು

ಲಿನಕ್ಸ್ ಮುಂದೆ ಕೂತುಕೊಂಡೇ ಇನ್ನೊಂದು ಕೋಣೆಯ ವಿಂಡೋಸ್ ಕಂಪ್ಯೂಟರ್ ನಡೆಸಬೇಕೆಂದರೆ ರೆಮ್ಮಿನಾ ಸಾಕು. ಇದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್‌ನ ಪರದೆಯನ್ನು ದೂರಕ್ಕೆ ತರುವ ಆರ್‌ಡಿಪಿ, ಯಾವುದೇ ಕಂಪ್ಯೂಟರಿನ ಪರದೆಯನ್ನು ಚಿತ್ರವಾಗಿ ಕಳಿಸುವ ವಿಎನ್‌ಸಿ, ಗುಟ್ಟಾದ ದಾರಿಯಲ್ಲಿ ಆಜ್ಞೆ ಕಳಿಸುವ ಎಸ್‌ಎಸ್‌ಎಚ್, ಈ ಮೂರೂ ಪದ್ಧತಿಗಳು ಒಂದೇ ಕಿಟಕಿಯಲ್ಲಿ ಸಿಗುತ್ತವೆ. ಆರ್‌ಡಿಪಿ ಕೆಲಸವನ್ನು ಒಳಗಿಂದ ಮಾಡುವುದು ಫ್ರೀಆರ್‌ಡಿಪಿ ಲೈಬ್ರರಿ.

ಸಂಪರ್ಕ ಸಿಗದಿದ್ದಾಗ ಜನ ರೆಮ್ಮಿನಾವನ್ನೇ ದೂರುತ್ತಾರೆ. ತಪ್ಪು ಸಾಮಾನ್ಯವಾಗಿ ಇರುವುದು ವಿಂಡೋಸ್ ಕಡೆ. ಹೋಮ್ ಆವೃತ್ತಿ ಆರ್‌ಡಿಪಿ ಸಂಪರ್ಕವನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ, ಪ್ರೊ ಅಥವಾ ಅದಕ್ಕಿಂತ ಮೇಲಿನದ್ದು ಬೇಕು. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ. ಕಂಪ್ಯೂಟರ್ ನಿದ್ದೆಗೆ ಜಾರದಂತೆಯೂ ನೋಡಿಕೊಳ್ಳಿ. ಲಾಗಿನ್‌ಗೆ ಪಿನ್ ನಡೆಯದು, ಪಾಸ್‌ವರ್ಡೇ ಬೇಕು. ಮೈಕ್ರೋಸಾಫ್ಟ್ ಖಾತೆಯಾದರೆ ಇನ್ನೊಂದು ತೊಡಕಿದೆ: ಮೊದಲಿನಿಂದಲೂ ಪಿನ್ ಒತ್ತಿಯೇ ಒಳಹೋಗುತ್ತಿದ್ದರೆ ಆ ಕಂಪ್ಯೂಟರಿಗೆ ನಿಮ್ಮ ಪಾಸ್‌ವರ್ಡ್ ಗೊತ್ತೇ ಇರುವುದಿಲ್ಲ. ಅದರ ಮುಂದೆಯೇ ಕೂತು ಒಮ್ಮೆ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಿ, ಆಮೇಲೆ ದೂರದಿಂದಲೂ ಒಪ್ಪಿಕೊಳ್ಳುತ್ತದೆ. ಪಾಸ್‌ವರ್ಡೇ ಇಲ್ಲದ ಸ್ಥಳೀಯ ಖಾತೆಗೂ ದೂರದಿಂದ ಪ್ರವೇಶವಿಲ್ಲ.

ಒಳಹೊಕ್ಕ ಮೇಲೆ ಮೊದಲು ಪಕ್ಕದ ಪಟ್ಟಿಯಲ್ಲಿ ಡೈನಮಿಕ್ ರೆಸಲ್ಯೂಷನ್ ಗುಂಡಿ ಒತ್ತಿ. ಕಿಟಕಿ ಹಿಗ್ಗಿಸಿದಷ್ಟೂ ವಿಂಡೋಸ್ ತನ್ನ ಪರದೆಯನ್ನು ಹೊಸ ಅಳತೆಗೆ ಬಿಡಿಸಿಕೊಳ್ಳುತ್ತದೆ, ಅಕ್ಷರ ಚೂಪಾಗಿಯೇ ಉಳಿಯುತ್ತದೆ. ಪಕ್ಕದ ಸ್ಕೇಲ್ ಗುಂಡಿ ಒತ್ತಿದರೆ ಬರೀ ಚಿತ್ರ ಎಳೆದಂತಾಗಿ ಸಣ್ಣ ಅಕ್ಷರ ಮಸುಕಾಗುತ್ತದೆ. ಬಲಗಡೆಯ ಕಂಟ್ರೋಲ್ ಜೊತೆ ಎಫ್ ಒತ್ತಿದರೆ ಪೂರ್ಣಪರದೆ. ಲಿನಕ್ಸ್‌ನಿಂದ ಹಂಚಿದ ಫೋಲ್ಡರ್ ವಿಂಡೋಸ್ ಕಡೆ ಟಿಎಸ್‌ಕ್ಲಯಂಟ್ ಎಂಬ ಹೆಸರಿನಡಿ ಕಾಣುತ್ತದೆ, ಕಡತ ಸಾಗಿಸಲು ಪೆನ್‌ಡ್ರೈವ್ ಬೇಡ. ಇತ್ತ ಲಿನಕ್ಸ್ ಕೀಲಿಮಣೆ ಕನ್ನಡದಲ್ಲಿದ್ದರೂ ಅತ್ತ ತಲುಪುವುದು ಅಕ್ಷರವಲ್ಲ, ಯಾವ ಕೀಲಿ ಒತ್ತಿದಿರಿ ಎಂಬ ಸಂಖ್ಯೆ ಮಾತ್ರ. ಹಾಗಾಗಿ ಕನ್ನಡ ಕೀಲಿಮಣೆಯನ್ನು ವಿಂಡೋಸ್‌ನಲ್ಲೇ ಸೇರಿಸಿಕೊಳ್ಳಬೇಕು.

ಮ್ಯಾಕ್ ವಿಷಯದಲ್ಲಿ ಇಷ್ಟು ಹೊಗಳಲಾಗದು. ಅಲ್ಲಿ ಸಿಗುವುದು ವಿಎನ್‌ಸಿ. ಸ್ಕ್ರೀನ್ ಶೇರಿಂಗ್ ಆನ್ ಮಾಡಿ, ವಿಎನ್‌ಸಿ ನೋಡುಗರಿಗೆಂದು ಬೇರೆ ಪಾಸ್‌ವರ್ಡ್ ಇಡಬೇಕು. ಹಳೆಯ ವಿಎನ್‌ಸಿ ಪದ್ಧತಿ ಅದರ ಮೊದಲ 8 ಅಕ್ಷರಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬಣ್ಣದ ಆಳ ಕಡಿಮೆ ಇಟ್ಟರೆ ಮ್ಯಾಕ್ ಸಂಪರ್ಕ ಕಡಿದುಹಾಕಬಹುದು, ಟ್ರೂ ಕಲರ್‌ನಲ್ಲೇ ಇರಲಿ. ಪರದೆ ಬಿಂದುಬಿಂದುವಾಗಿ ಹರಿದು ಬರುವುದರಿಂದ ಪುಟ ಸರಿಸುವಾಗ ಎಳೆದಾಟ ಎದ್ದು ಕಾಣುತ್ತದೆ.

ಹೊರಗಿನಿಂದ ಬಳಸುವವರು ದಯವಿಟ್ಟು ರೂಟರ್‌ನಲ್ಲಿ 3389 (ಆರ್‌ಡಿಪಿಯದು) ಅಥವಾ 5900 (ವಿಎನ್‌ಸಿಯದು) ಪೋರ್ಟನ್ನು, ಅಂದರೆ ಸಂಪರ್ಕ ಒಳಬರುವ ಬಾಗಿಲನ್ನು, ಇಂಟರ್‌ನೆಟ್‌ಗೆ ತೆರೆದಿಡಬೇಡಿ. 2019ರಲ್ಲಿ ಹೊರಬಿದ್ದ ಬ್ಲೂಕೀಪ್ ದೋಷ ಹಳೆಯ ವಿಂಡೋಸ್‌ಗಳಿಗೆ ಪಾಸ್‌ವರ್ಡೇ ಇಲ್ಲದೆ ಆರ್‌ಡಿಪಿ ಮೂಲಕ ನುಗ್ಗಲು ದಾರಿ ಕೊಟ್ಟಿತ್ತು. ಸಂಪರ್ಕವನ್ನು ಎಸ್‌ಎಸ್‌ಎಚ್‌ನ ಗುಟ್ಟಾದ ದಾರಿಯೊಳಗೆ ಸಾಗಿಸಲು ರೆಮ್ಮಿನಾದಲ್ಲೇ ಎಸ್‌ಎಸ್‌ಎಚ್ ಟನಲ್ ಎಂಬ ಟ್ಯಾಬ್ ಇದೆ, ಅದನ್ನು ಬಳಸಿ, ಇಲ್ಲವೇ ಮನೆಯ ಜಾಲಕ್ಕೆ ಖಾಸಗಿ ದಾರಿ ಕೊಡುವ ವಿಪಿಎನ್ ಹಾಕಿಕೊಳ್ಳಿ. ಸಂಪರ್ಕದ ವಿವರಗಳು ಹೋಮ್ ಫೋಲ್ಡರಿನ ಅಡಗಿದ ಕಡತಗಳಲ್ಲಿ ಉಳಿಯುತ್ತವೆ. ಪಾಸ್‌ವರ್ಡನ್ನು ಕೀರಿಂಗ್‌ನಲ್ಲಿ (ಲಿನಕ್ಸ್‌ನ ಪಾಸ್‌ವರ್ಡ್ ತಿಜೋರಿ) ಉಳಿಸದಿದ್ದರೆ ಅದೂ ಗುಟ್ಟಕ್ಷರದಲ್ಲಿ ಅಲ್ಲೇ ಇರುತ್ತದೆ, ಅದನ್ನು ಬಿಡಿಸುವ ಕೀಲಿಯೂ ಅದೇ ಹೋಮ್ ಫೋಲ್ಡರಿನ ಇನ್ನೊಂದು ಕಡತದಲ್ಲೇ. ಬ್ಯಾಕಪ್ ಯಾರ ಕೈಗೂ ಕೊಡುವ ಮುನ್ನ ಇದು ನೆನಪಿರಲಿ.

ಇನ್ನೊಬ್ಬರ ಮನೆಯ ಕಂಪ್ಯೂಟರ್ ಸರಿಪಡಿಸಿಕೊಡಲು ಮಾತ್ರ ಇದನ್ನು ಹಿಡಿಯಬೇಡಿ. ಆ ಕಡೆಯ ರೂಟರ್ ದಾಟಿಸುವ ಮಧ್ಯವರ್ತಿ ಸರ್ವರ್ ರೆಮ್ಮಿನಾಗೆ ಇಲ್ಲ. ಆ ಕೆಲಸಕ್ಕೆ ಗುರುತಿನ ಸಂಖ್ಯೆ ಕೊಟ್ಟು ಸೇರುವ ರಸ್ಟ್‌ಡೆಸ್ಕ್‌ನಂಥದ್ದೇ ಸರಿ.