ಶನಿವಾರದ ಆನ್‌ಲೈನ್ ಕ್ವಾಂಟಮ್ ಕ್ಲಾಸ್ ಹೇಗಿತ್ತು?

ನಾನು ವಿರಾಜಪೇಟೆಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಈ ಕೋರ್ಸಿಗೆ ಕೊಟ್ಟ ದುಡ್ಡು ದಂಡವಾಗಲಿಲ್ಲ. ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ 1958ರಲ್ಲಿ ತೋರಿಸಿದ್ದನ್ನು ಚೆನ್ನಾಗಿ ಬಿಡಿಸಿ ಹೇಳಿದರು: ವಸ್ತುವಿನೊಳಗೆ ಏರುಪೇರು (ಅಂದರೆ ಒಳಗಿನ ಜೋಡಣೆ ಕ್ರಮ ತಪ್ಪಿರುವುದು) ಜಾಸ್ತಿಯಾದರೆ ಎಲೆಕ್ಟ್ರಾನಿನ ಅಲೆ ಎಲ್ಲೆಡೆ ಚದುರಿ, ದೂರದಲ್ಲಿ ತನ್ನನ್ನೇ ಅಳಿಸಿಕೊಂಡು, ಇದ್ದಲ್ಲೇ ಉಳಿದುಬಿಡುತ್ತದೆ. ಸರಿ, ಕಣಗಳು ಒಂದನ್ನೊಂದು ತಳ್ಳಾಡಿದರೆ? ಆಗ ಶಕ್ತಿ ಹಂಚಿಕೊಂಡು ನಿಧಾನಕ್ಕೆ ಹರಡಬಹುದು, ಅಲ್ವಾ? ಆದರೆ 2015ರ ಮ್ಯೂನಿಕ್ ಪ್ರಯೋಗದಲ್ಲಿ ಅತಿ ತಣ್ಣನೆಯ ಪೊಟ್ಯಾಸಿಯಂ ಪರಮಾಣುಗಳು, ಏರುಪೇರು ಬಲವಾಗಿದ್ದಾಗ, ತಳ್ಳಾಟದ ನಡುವೆಯೂ ಮೊದಲು ಕೂತ ಸಾಲಿನ ಗುರುತು ಉಳಿಸಿಕೊಂಡವು. ಈ ಪಾಠಕ್ಕೇ ಪೂರ್ತಿ ಅಂಕ. ಲೆಕ್ಕದ ಭಾಗವನ್ನು ಮಾತ್ರ ಸುಮ್ನೆ ಓಡಿಸಿಬಿಟ್ಟರು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಗತಿ ಗೊತ್ತೇ ಇದೆ. ರೆಕಾರ್ಡಿಂಗ್ ಇರುವ ಪ್ಲಾನ್ ತೆಗೆದುಕೊಳ್ಳಿ.