ಮದುವೆ ಸೀಸನ್ ನಡುವೆ ಫೋಟೋ ಸಾಫ್ಟ್‌ವೇರ್ ಅಪ್‌ಗ್ರೇಡ್ ಬೇಡವೇ ಬೇಡ

ಬೆಂಗಳೂರಿನಲ್ಲಿ ಮದುವೆ ಫೋಟೋ, ಆಲ್ಬಂ ಕೆಲಸ ಮಾಡುವವರು ದಯವಿಟ್ಟು ಇದನ್ನು ಓದಿ. ಕೈಯಲ್ಲಿ ಆರ್ಡರ್ ಇರುವಾಗ ಎಡಿಟಿಂಗ್ ಸಾಫ್ಟ್‌ವೇರಿನ ಹೊಸ ಆವೃತ್ತಿಗೆ ಹೋಗಬೇಡಿ. ರಾಜಾಜಿನಗರದ ನಮ್ಮ ಸ್ಟುಡಿಯೋದಲ್ಲಿ ವೈಶಾಖದಲ್ಲಿ ಆದದ್ದು ನಿಮಗೆ ಆಗಬಾರದು.

ಹೊಸ ಕ್ಯಾಮೆರಾದ ರಾ ಫೈಲ್‌ಗಳನ್ನು (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಫೋಟೋ ಫೈಲ್) ಹಳೆ ಆವೃತ್ತಿ ತೆರೆಯಲಿಲ್ಲ. ಹಾಗಾಗಿ ಅಪ್‌ಗ್ರೇಡ್ ಮಾಡಿದೆವು. ಹಳೆಯದನ್ನು ತೆಗೆದುಹಾಕುವ ಆಯ್ಕೆಗೆ ಸಾಫ್ಟ್‌ವೇರ್ ಕಂಪನಿಯವರೇ ಟಿಕ್ ಹಾಕಿ ಒಳಗೆಲ್ಲೋ ಮುಚ್ಚಿಟ್ಟಿದ್ದರು. ದುಡ್ಡು ಕೊಟ್ಟು ಬಳಸುವವರಿಗೆ ಹೀಗೆ ಮಾಡುವುದು ಸರಿಯಲ್ಲ, ಅಲ್ವಾ? ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹಳೆ ಆವೃತ್ತಿಯ ಜತೆಗೆ ಪ್ಲಗಿನ್‌ಗಳೂ (ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸಲಕರಣೆಗಳು) ಹೋದವು. ಹಳೆ ಗ್ರಾಫಿಕ್ಸ್ ಕಾರ್ಡ್‌ಗೆ ಹೊಸ ಆವೃತ್ತಿ ಭಾರವಾಯಿತು. ಎಸ್‌.ಪಿ. ರೋಡ್‌ಗೆ ಓಡಿ ಕಾರ್ಡ್ ತಂದೆವು. ಅಷ್ಟಾಗಿದ್ದರೆ ಸಹಿಸಬಹುದಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಕನ್ನಡಕ್ಕೆ. ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡದಲ್ಲಿ ಒತ್ತಕ್ಷರ ಸರಿಯಾಗಿ ಕೂಡಬೇಕಾದರೆ, ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆ ಆನ್ ಇರಬೇಕು. ಅಪ್‌ಗ್ರೇಡ್ ಆದಾಗ ನಮ್ಮ ಸೆಟ್ಟಿಂಗ್‌ಗಳೆಲ್ಲ ಅಳಿಸಿ ಅದೂ ಆಫ್ ಆಗಿತ್ತು. ಹಳೆ ಕವರ್ ಫೈಲ್ ತೆರೆದು ಅಕ್ಷರ ತಿದ್ದಿದ ಕೂಡಲೇ ‘ಮಾಂಗಲ್ಯಧಾರಣೆ’ ಹೋಗಿ ‘ಮಾಂಗಲ್‌ಯಧಾರಣೆ’ ಆಯಿತು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆ ಫಾಂಟ್‌ಗಳಲ್ಲಿ ಮಾಡಿದ ಪುಟಗಳು ಮಾತ್ರ ಚೆನ್ನಾಗಿಯೇ ಇದ್ದವು. ಅವುಗಳಲ್ಲಿ ಒತ್ತು ತಾನೇ ಒಂದು ಬಿಡಿ ಅಕ್ಷರ, ಜೋಡಣೆಯ ಹಂಗಿಲ್ಲ. ಅವನ್ನು ನೋಡಿ ಉಳಿದವೂ ಸರಿಯಿವೆ ಅಂದುಕೊಂಡು ಲ್ಯಾಬ್‌ಗೆ ಕಳಿಸಿದ್ದಾಯಿತು. ಅಚ್ಚಾದ ಕವರ್ ನೋಡಿ ವಧುವಿನ ತಂದೆ, ‘ನಮ್ಮನೆ ಮದುವೆ ಆಲ್ಬಂ ಮೇಲೆ ಕನ್ನಡ ಹೀಗೆ ಹಾಕ್ತೀರಾ?’ ಅಂದರು. ಅವರಿಗೆ ಎಷ್ಟು ನೋವಾಗಿರಬೇಡ! ಇಡೀ ಆಲ್ಬಂ ನಮ್ಮ ಖರ್ಚಿನಲ್ಲೇ ಮತ್ತೆ ಅಚ್ಚಾಯಿತು.

ಆಷಾಢದವರೆಗೆ ಕಾಯಿರಿ. ಆಗ ಮದುವೆ ಇರುವುದಿಲ್ಲ, ಏನೇ ಕೆಟ್ಟರೂ ಸರಿಪಡಿಸಲು ಪುರುಸೊತ್ತು ಇರುತ್ತದೆ. ಅಲ್ಲಿಯತನಕ ಹೊಸ ಕ್ಯಾಮೆರಾದ ಫೈಲ್‌ಗಳನ್ನು ಡಿಎನ್‌ಜಿಗೆ ಬದಲಿಸಿಕೊಳ್ಳಬಹುದು. ಇದು ಅಡೋಬಿ 2004ರಲ್ಲಿ ತಂದ ರಾ ಮಾದರಿ. ಕನ್ವರ್ಟರ್ ಉಚಿತ. ಎಷ್ಟೋ ಹಳೆ ಸಾಫ್ಟ್‌ವೇರ್‌ಗಳು ಡಿಎನ್‌ಜಿ ತೆರೆಯುತ್ತವೆ. ನಾವು ಹುಡುಕುತ್ತಿದ್ದ ಪರಿಹಾರ ಇದೇ ಆಗಿತ್ತು, ಸಹಾಯವಾಣಿಯವರು ಒಂದು ಮಾತೂ ಹೇಳಲಿಲ್ಲ.

ಕ್ಯಾಟಲಾಗ್ (ಫೋಟೋಗಳ ಪಟ್ಟಿ, ಎಡಿಟ್‌ಗಳ ದಾಖಲೆ ಇರುವ ಫೈಲ್) ಇಟ್ಟುಕೊಂಡು ಕೆಲಸ ಮಾಡುವವರು ಇನ್ನೂ ಹುಷಾರಾಗಿರಬೇಕು. ಹೊಸ ಆವೃತ್ತಿ ತನಗೆ ತಕ್ಕಂತೆ ಬದಲಿಸಿದ ಕ್ಯಾಟಲಾಗನ್ನು ಹಳೆ ಆವೃತ್ತಿ ತೆರೆಯುವುದಿಲ್ಲ. ಮೊದಲೇ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿಡಿ. ಎಡಿಟ್‌ಗಳನ್ನು ಎಕ್ಸ್‌ಎಂಪಿ ಫೈಲ್‌ಗಳಿಗೂ (ಫೋಟೋದ ಪಕ್ಕದಲ್ಲೇ ಎಡಿಟ್ ವಿವರ ಉಳಿಸುವ ಪುಟ್ಟ ಫೈಲ್) ಬರೆಸಿಡಿ.

ಈಗಾಗಲೇ ಅಪ್‌ಗ್ರೇಡ್ ಮಾಡಿಬಿಟ್ಟಿದ್ದೀರಾ? ಗಾಬರಿ ಬೇಡ. ಹಳೆ ಕ್ಯಾಟಲಾಗ್ ಸಾಮಾನ್ಯವಾಗಿ ಅಳಿಯದೆ ಹಾಗೇ ಇರುತ್ತದೆ. ಜಾಗ ಸಾಲದು ಅಂತ ಅದನ್ನು ಅಳಿಸಬೇಡಿ. ಕನ್ನಡ ಇರುವ ಪ್ರತಿ ಪುಟವನ್ನೂ ಪಿಡಿಎಫ್ ಮಾಡಿ, ಕನ್ನಡ ಓದಬಲ್ಲ ಇನ್ನೊಬ್ಬರ ಕೈಲಿ ಓದಿಸಿ, ಆಮೇಲೆ ಲ್ಯಾಬ್‌ಗೆ ಕಳಿಸಿ.