ಲ್ಯಾಕ್ಮೆ ಐಕಾನಿಕ್ ಕಾಜಲ್: ಮಂಗಳೂರಿನ ಸೆಕೆಯಲ್ಲಿ ರಾತ್ರಿವರೆಗೂ ನಿಲ್ಲತ್ತಾ?

ಈ ಕಾಜಲ್ ಕೆಲವು ವರ್ಷದಿಂದ ಬಳಸ್ತಾ ಇದೀನಿ, ಕಪ್ಪು ಬಣ್ಣದ್ದು, 0.35 ಗ್ರಾಂ, ಹಿಂದೆ ತಿರುಗಿಸಿದ್ರೆ ಮುಂದೆ ಬರತ್ತಲ್ಲ ಅದು. ಕೆಲಸ ಜವಳಿ ಅಂಗಡೀಲಿ, ಸೀರೆ ಸೆಕ್ಷನ್. ಬೆಳಿಗ್ಗೆ ರಶ್ ಬಸ್ಸಲ್ಲಿ ಬಂದು ರಾತ್ರಿವರೆಗೂ ನಿಂತೇ ಇರಬೇಕು, ಮದುವೆ ಸೀಸನ್ನಲ್ಲಿ ಜನ ತುಂಬಿದ್ರೆ ಎಸಿ ಇದ್ದೂ ಇಲ್ಲದ ಹಾಗೆ, ಮತ್ತೆ ಕಸ್ಟಮರ್ ಎದುರು ಸೀರೆ ಬಿಡಿಸಿ ಹೆಗಲ ಮೇಲೆ ಹಾಕಿ ತೋರಿಸುವಾಗ ಅವರು ಸೀರೆ ಜೊತೆ ನಮ್ಮ ಮುಖಾನೂ ನೋಡ್ತಾರೆ. ಕಣ್ಣ ಕೆಳಗೆ ಕಪ್ಪು ಇಳಿದಿದ್ರೆ ಚೆನ್ನಾಗಿರಲ್ಲ. ಹಾಗಾಗಿ ಕಾಜಲ್ ನಿಲ್ಲೋದು ನನಗೆ ನಿಜವಾಗಲೂ ಮುಖ್ಯ.

ಮೊದಲು ಬೇರೆ ಒಂದು ಕಂಪನಿಯದ್ದು ಹಾಕ್ತಿದ್ದೆ, ಊಟದ ಹೊತ್ತಿಗೇ ಕಣ್ಣ ಸುತ್ತ ಹರಡ್ತಿತ್ತು. ಇದರ ಪ್ಯಾಕ್ ಮೇಲೆ 22 ಗಂಟೆ ಅಂತ ಇರತ್ತೆ. ಅಷ್ಟು ಹೊತ್ತು ಯಾರೂ ಇಟ್ಕೊಳ್ಳಲ್ಲ ಬಿಡಿ, ನನಗೆ ಬೇಕಾಗಿರೋದು ಬೆಳಿಗ್ಗೆಯಿಂದ ಅಂಗಡಿ ಮುಚ್ಚೋವರೆಗೆ, ಅಷ್ಟು ಹೊತ್ತು ನಿಲ್ಲತ್ತೆ. ಆದ್ರೆ ಹೇಗೆ ಹಾಕ್ತೀರಿ ಅನ್ನೋದರ ಮೇಲೆ ಎಲ್ಲಾ ಇದೆ, ಇದೇ ಅಂತಲ್ಲ, ಯಾವ ಕಂಪನಿಯ ಕಾಜಲ್ ಆದ್ರೂ ಅಷ್ಟೆ.

ಹೆಚ್ಚಿನವರು ಬೆವರಿಗೆ ಕಾಜಲ್ ಇಳಿಯತ್ತೆ ಅನ್ಕೊಳ್ತಾರೆ. ಬರೀ ಬೆವರಲ್ಲ, ಎಣ್ಣೆನೇ ಜಾಸ್ತಿ ಕೆಲಸ ಕೆಡಿಸೋದು. ವಾಟರ್‌ಪ್ರೂಫ್ ಅಂದ್ರೆ ನೀರಿಗೆ ಹೋಗಲ್ಲ ಅಂತ ಅಷ್ಟೆ, ಅದರಲ್ಲಿರೋ ಮೇಣ ಎಣ್ಣೆಗೆ ಕರಗೇ ಕರಗತ್ತೆ. ರೆಪ್ಪೆಯ ಅಂಚಲ್ಲಿ, ಕೂದಲಿನ ಹಿಂದೆ, ಸಾಲಾಗಿ ಮೈಬೋಮಿಯನ್ ಗ್ರಂಥಿ ಅಂತ ಇವೆ, ಕಣ್ಣೀರು ಬೇಗ ಆರಬಾರದು ಅಂತ ಇವು ಎಣ್ಣೆ ಬಿಡ್ತಾನೇ ಇರ್ತವೆ. ಕೆಳಗಿನ ಒಳಗೆರೆಗೆ, ಅಂದ್ರೆ ಕೆಳರೆಪ್ಪೆ ಕೂದಲಿನ ಒಳಬದಿಯ ಅಂಚಿಗೆ, ದಪ್ಪ ಕಾಜಲ್ ಎಳೆದ್ರೆ ಆ ಎಣ್ಣೆ, ಕಣ್ಣೀರು ಎರಡೂ ಸೇರಿ ಅದನ್ನ ತಳ್ಳಿ ಮೂಲೆಗೆ ತಂದು ಹಾಕತ್ತೆ. ಅಜ್ಜಿ ಕಾಲದಲ್ಲಿ ಹರಳೆಣ್ಣೆ ದೀಪದ ಮಸಿಗೆ ತುಪ್ಪ ಕಲಸಿ ಮಾಡ್ತಿದ್ದ ಕಾಡಿಗೆ ಹರಡ್ತಿದ್ದಿದ್ದೂ ಇದಕ್ಕೇ, ಮಸಿ ಮತ್ತೆ ಜಿಡ್ಡು ಬಿಟ್ರೆ ಒಣಗಿ ಹಿಡ್ಕೊಳ್ಳೋ ವಸ್ತು ಅದರಲ್ಲಿ ಏನೂ ಇರಲಿಲ್ಲ.

ಅದಕ್ಕೆ ನಾನು ಮಾಡೋದು ಇಷ್ಟು. ಮುಖ ತೊಳೆದು ಮಾಯಿಶ್ಚರೈಸರ್ ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಟಿಶ್ಯೂ ಪೇಪರನ್ನ ಎರಡು ಪದರ ಬೇರೆ ಮಾಡಿ ಒಂದು ಪದರ ಕಣ್ಣು ಮುಚ್ಚಿ ರೆಪ್ಪೆ ಮೇಲೆ ಒತ್ತೋದು, ಉಜ್ಜೋದಲ್ಲ. ಪೇಪರ್ ಮೇಲೆ ಜಿಡ್ಡು ಕಲೆ ಕಾಣತ್ತೆ, ಕಾಣದೇ ಇರೋವರೆಗೂ ಒತ್ತಬೇಕು. ಆಮೇಲೆ ಕಣ್ಣ ಕೆಳಗೆ ಲೂಸ್ ಪೌಡರ್ ಚೂರೇ ಚೂರು. ಈಗ ಕಾಜಲ್. ಕನ್ನಡಿ ಕೆಳಗೆ ಹಿಡಿದು ತಗ್ಗಿ ನೋಡಿ, ಬೆರಳಲ್ಲಿ ಮೇಲಿನ ರೆಪ್ಪೆ ಸ್ವಲ್ಪ ಎತ್ತಿ, ಕೂದಲಿನ ಬುಡದ ಸಂದಿಗಳಲ್ಲಿ ಚುಕ್ಕೆ ಚುಕ್ಕೆಯಾಗಿ ತುಂಬ್ತಾ ಹೋಗೋದು, ಉದ್ದ ಗೆರೆ ಎಳೆಯೋ ಹಾಗಿಲ್ಲ. ಹಾಕಿದ ತಕ್ಷಣ ಕಣ್ಣು ಪಿಳಿ ಪಿಳಿ ಅನ್ನಬೇಡಿ, ಅರ್ಧ ನಿಮಿಷ ಹಾಗೇ ತಗ್ಗಿ ನೋಡ್ತಾ ಇರಿ, ಈ ತರ ಲಾಂಗ್ ವೇರ್ ಪೆನ್ಸಿಲ್ ಹಿಡ್ಕೊಳ್ಳೋಕೆ ಅಷ್ಟು ಟೈಮ್ ಬೇಕು. ಕೊನೆಗೆ ಚಿಕ್ಕ ಚಪ್ಪಟೆ ಬ್ರಶ್ಶಲ್ಲಿ ಕಪ್ಪು ಮ್ಯಾಟ್ ಐಶ್ಯಾಡೋ ತಗೊಂಡು, ಉದುರೋದನ್ನ ಕೊಡವಿ, ಅದೇ ಗೆರೆ ಮೇಲೆ ಒತ್ತಬೇಕು. ಪುಡಿ ಜಿಡ್ಡನ್ನ ಹೀರ್ಕೊಳ್ಳತ್ತೆ. ಈ ಕೊನೆ ಕೆಲಸ ಬಿಟ್ರೆ ಉಳಿದಿದ್ದೆಲ್ಲ ಮಾಡಿಯೂ ಅಷ್ಟು ಪ್ರಯೋಜನ ಇಲ್ಲ, ನನ್ನ ಪ್ರಕಾರ ಮೇಕಪ್ ನಿಲ್ಲಲಿ ಅಂತ ಮೊದಲೇ ಹಚ್ಚೋ ಪ್ರೈಮರ್‌ಗಿಂತ ಇದೇ ಮೇಲು, ಖರ್ಚೂ ಕಮ್ಮಿ.

ಕೆಳಗಿನ ಒಳಗೆರೆಗೆ ಈಗ ಹಾಕೋದೇ ಇಲ್ಲ. ಬೇಕೇ ಬೇಕು ಅನ್ನೋರು ಹೊರಗಿನ ಮೂಲೆ ಕಡೆ ಸ್ವಲ್ಪ, ಕೂದಲಿನ ಹೊರಬದಿಗೆ ಹಾಕ್ಕೊಳ್ಳಿ, ಮೂಗಿನ ಕಡೆ ಮೂಲೆ ಖಾಲಿ ಬಿಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕೋರಂತೂ ಒಳಗೆರೆಗೆ ಬೇಡವೇ ಬೇಡ, ಆ ಎಣ್ಣೆ ಗ್ರಂಥಿಗಳ ಬಾಯಿ ಇರೋದು ಅಲ್ಲೇ, ಕಾಜಲ್ ಅದನ್ನ ಮುಚ್ಚಬಹುದು.

ತಲೆಗೆ ತೆಂಗಿನೆಣ್ಣೆ ಹಚ್ಕೊಂಡ ದಿನ ಏನು ಮಾಡಿದ್ರೂ ಕಷ್ಟ, ಬೆವರಿನ ಜೊತೆ ಹಣೆಯಿಂದ ಇಳಿದು ಬರತ್ತೆ. ನಾನು ಎಣ್ಣೆ ಹಿಂದಿನ ರಾತ್ರಿ ಹಚ್ಚಿ ಬೆಳಿಗ್ಗೆ ತಲೆಸ್ನಾನ ಮಾಡ್ತೀನಿ. ಮಧ್ಯೆ ಬೆವರು ಬಂದ್ರೆ ಕರ್ಚೀಫಲ್ಲಿ ಒರೆಸಬಾರದು, ಒತ್ತಬೇಕು.

ಮಸ್ಕಾರಾ ಬಗ್ಗೆ ಸ್ವಲ್ಪ. ಕಣ್ಣ ಕೆಳಗಿನ ಕಪ್ಪಿಗೆ ಎಷ್ಟೋ ಸಲ ಕಾರಣ ಕಾಜಲ್ ಅಲ್ಲ, ಅದು. ಟ್ಯೂಬಿಂಗ್ ಮಸ್ಕಾರಾ ಅಂತ ಸಿಗತ್ತೆ, ಒಂದೊಂದು ಕೂದಲಿಗೂ ಪಾಲಿಮರ್ ಕವಚದ ತರ ಕೂರತ್ತೆ, ಎಣ್ಣೆಗೆ ಜಗ್ಗಲ್ಲ, ರಾತ್ರಿ ಬೆಚ್ಚಗಿನ ನೀರು ಹಾಕಿ ಮೆತ್ತಗೆ ಎಳೆದ್ರೆ ಸಣ್ಣ ಸಣ್ಣ ಕೊಳವೆ ತರ ಉದುರಿ ಬರತ್ತೆ. ನಮ್ಮ ಸೆಕೆಗೆ ಇದೇ ಸರಿ.

ಕಾಜಲ್ ತೆಗೆಯೋಕೆ ಮಾತ್ರ ಎಣ್ಣೆನೇ ಬೇಕು. ಹತ್ತಿಗೆ ಕ್ಲೆನ್ಸಿಂಗ್ ಆಯಿಲ್ ಅಥವಾ ತೆಂಗಿನೆಣ್ಣೆ ಹಾಕಿ ಮುಚ್ಚಿದ ಕಣ್ಣ ಮೇಲೆ ಸ್ವಲ್ಪ ಹೊತ್ತು ಇಟ್ಟು ಮೆಲ್ಲಗೆ ಕೆಳಗೆ ಎಳೀರಿ, ಆಮೇಲೆ ಫೇಸ್‌ವಾಶ್. ಹಾಗೇ ಮಲಗಬೇಡಿ.

ಮೇ ತಿಂಗಳ ಸೆಕೆಗೆ ಈ ತರದ ಪೆನ್ಸಿಲ್ಲೆಲ್ಲಾ ಮೆತ್ತಗಾಗತ್ತೆ, ಹಾಕೋ ಮುಂಚೆ ಸ್ವಲ್ಪ ಹೊತ್ತು ಫ್ರಿಜ್ಜಲ್ಲಿಡಿ, ಒಂದೆರಡು ಮಿಲಿಮೀಟರ್‌ಗಿಂತ ಜಾಸ್ತಿ ಹೊರಗೆ ತಿರುಗಿಸಬೇಡಿ. ದಿನಾ ಹಾಕೋರಿಗೆ 0.35 ಗ್ರಾಂ ಬೇಗ ಮುಗಿಯತ್ತೆ, ಆದ್ರೆ ಈ ಬೆಲೆಗೆ ಮತ್ತೆ ತಗೊಳ್ಳೋಕೆ ನನಗೆ ಬೇಜಾರಿಲ್ಲ, ಮುಗಿದ ಹಾಗೆಲ್ಲಾ ಇದನ್ನೇ ತರ್ತಿದೀನಿ. ಒಬ್ಬರದ್ದು ಇನ್ನೊಬ್ಬರು ಹಾಕೋದು ಬೇಡ, ಅಕ್ಕತಂಗಿ ಆದ್ರೂ ಸರಿ, ಮತ್ತೆ ರೆಪ್ಪೆ ಮೇಲೆ ಕುರು ಎದ್ದಿದ್ರೆ ಅದು ವಾಸಿ ಆಗೋವರೆಗೆ ಏನೂ ಹಾಕದೆ, ಆಮೇಲೆ ಹೊಸದು ತಗೊಳ್ಳಿ.